ಡೋರ್ ಪ್ಯಾಡಿನ ಹಿಂದೆ

ಅಪ್ಪನ ಪ್ರೀಮಿಯರ್ ಪದ್ಮಿನಿಯ ಎಂಜಿನ್‌ಗೆ ಏನೂ ಆಗಿರಲಿಲ್ಲ. ಮಾಗಿಯ ಚಳಿಯಲ್ಲೂ ಚೋಕ್ ಎಳೆದು ಕೀಲಿ ತಿರುಗಿಸಿದರೆ ತಕರಾರಿಲ್ಲದೆ ಸ್ಟಾರ್ಟ್ ಆಗುತ್ತಿತ್ತು. ಬಾಡಿಯ ತುಕ್ಕೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಬಾಗಿಲು ತೆಗೆದವರ ಮುಖ ಸಪ್ಪಗಾಗುತ್ತಿತ್ತು. ಡ್ರೈವರ್ ಕೂರುವ ಕಡೆ ಸೀಟಿನ ಬಲ ಅಂಚು ಹರಿದು ತೆಂಗಿನ ನಾರು ಹೊರಗೆ ಬಂದಿತ್ತು. ಬಾಗಿಲಿನ ಪ್ಯಾಡುಗಳು ಕೆಳಗಡೆ ಉಬ್ಬಿ ಪದರ ಪದರವಾಗಿ ಬಿಚ್ಚಿಕೊಂಡಿದ್ದವು. ಟಾಪ್, ಅಂದರೆ ಚಾವಣಿಯ ಒಳಹೊದಿಕೆ, ಹಿಂದುಗಡೆ ಜೋತುಬಿದ್ದು, ಹಿಂದಿನ ಸೀಟಿನಲ್ಲಿ ಸ್ವಲ್ಪ ಎತ್ತರದವರು ಕೂತರೆ ತಲೆಗೆ ತಾಗುತ್ತಿತ್ತು. ಅಪ್ಪ ಪಶುವೈದ್ಯರು. ಅರಸೀಕೆರೆ, ತಿಪಟೂರು ಸುತ್ತಿನ ಹಳ್ಳಿಗಳ ಧೂಳು, ಔಷಧಿ ಬಾಟಲಿ ಚೆಲ್ಲಿದ ಕಲೆ, ಗಮ್‌ಬೂಟಿನ ಕೆಸರು ಎಲ್ಲವೂ ಅದರೊಳಗೆ ಸೇರಿಹೋಗಿದ್ದವು. ಅವರು ನಿವೃತ್ತರಾದಾಗ ಮನೆಯಲ್ಲಿ ಎಲ್ಲರದೂ ಒಂದೇ ಮಾತು: ಮಾರಿಬಿಡಿ. ನೋಡಲು ಬಂದವರು ಒಳಗೆ ಇಣುಕಿ, ಗುಜರಿಯವರು ಹೇಳುವ ಬೆಲೆಯನ್ನೇ ಹೇಳಿ ಹೋಗುತ್ತಿದ್ದರು.

ಆಗಲೇ ನನಗೆ ಹೊಳೆದದ್ದು, ನಮ್ಮಲ್ಲಿ ಎಷ್ಟೋ ಕಾರುಗಳು ಎಂಜಿನ್ ಕೆಟ್ಟು ಗುಜರಿಗೆ ಹೋಗುವುದಲ್ಲ, ಒಳಗಡೆ ಹಳತಾಗಿ ಹೋಗುತ್ತವೆ ಎಂದು. ಪಿಸ್ಟನ್ ರಿಂಗ್ ಸವೆದರೆ ಹೊಗೆ ಬರುತ್ತದೆ, ಮಾಲೀಕ ಗ್ಯಾರೇಜಿಗೆ ಓಡುತ್ತಾನೆ. ಸೀಟು ಹರಿದರೆ ಟವೆಲ್ ಹಾಸುತ್ತಾನೆ. ಟವೆಲ್ ಹಾಸಿದ ದಿನದಿಂದ ಅವನಿಗೆ ಆ ಕಾರಿನ ಮೇಲಿನ ಅಕ್ಕರೆ ಕಡಿಮೆಯಾಗುತ್ತಾ ಹೋಗುತ್ತದೆ. ಸರ್ವಿಸ್ ಮುಂದಕ್ಕೆ ಹೋಗುತ್ತದೆ, ಆಯಿಲ್ ಬದಲಿಸುವುದೂ ಮುಂದಕ್ಕೆ ಹೋಗುತ್ತದೆ. ಒಳಗಿನ ಕೆಲಸವನ್ನು ಶೋಕಿ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ದಿನವೂ ಮೈ ತಾಗುವ ಜಾಗ ಅದು.

ಬೆಂಗಳೂರಿನಲ್ಲಿದ್ದ ನಾನು ಕಾರನ್ನು ಇಲ್ಲಿಗೆ ತರಿಸಿಕೊಂಡೆ. ಮೊದಲು ತೋರಿಸಿದ್ದು ಗಾಜಿನ ಮುಂಭಾಗದ ದೊಡ್ಡದೊಂದು ಅಂಗಡಿಗೆ. ಅಲ್ಲಿ ಯಾರೂ ಕಾರಿನ ಬಾಗಿಲನ್ನೇ ಸರಿಯಾಗಿ ತೆಗೆದು ನೋಡಲಿಲ್ಲ. ಕ್ಯಾಟಲಾಗು ಮುಂದಿಟ್ಟು, ಬಣ್ಣ ಆರಿಸಿ ಎಂದರು. ಹೇಳಿದ ಮೊತ್ತ ಆ ಕಾರಿಗೆ ಆಗ ಬರಬಹುದಾದ ಬೆಲೆಯ ಅರ್ಧಕ್ಕಿಂತ ಹೆಚ್ಚು. ನಮಸ್ಕಾರ ಹೇಳಿ ಹೊರಟೆ.

ಪದ್ಮಿನಿ ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಕಾರು. ಮೂಲ ಇಟಲಿಯ ಫಿಯೆಟ್ 1100. ಅದಕ್ಕೇ ನಮ್ಮ ಊರುಗಳಲ್ಲಿ ಕೊನೆಯವರೆಗೂ ಅದು ಫಿಯೆಟ್ ಕಾರೇ. ನಾನು ಹೇಳುತ್ತಿರುವ ಹೊತ್ತಿಗೆ ಅದರ ತಯಾರಿಕೆ ನಿಂತು ಕೆಲವು ವರ್ಷಗಳಾಗಿದ್ದವು. ಆದರೂ ಬಿಡಿಭಾಗಗಳು ಸಿಗುತ್ತಿದ್ದುದಕ್ಕೆ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳೇ ಕಾರಣ. ಅಲ್ಲಿನ ರಸ್ತೆಗಳಲ್ಲಿ 2023ರ ಅಕ್ಟೋಬರ್‌ವರೆಗೂ ಪದ್ಮಿನಿ ಟ್ಯಾಕ್ಸಿ ಓಡಿತು. ಓಡುವ ಟ್ಯಾಕ್ಸಿ ಇದ್ದರೆ ಬೀಡಿಂಗ್, ಕ್ಲಿಪ್ಪು, ಹಿಡಿಗಳ ವ್ಯಾಪಾರವೂ ಇರುತ್ತದೆ. ನಮ್ಮ ಜೆ.ಸಿ. ರೋಡಿನ ಹಳೆಯ ಅಂಗಡಿಗಳಲ್ಲಿ ಕೇಳಿದರೆ ಧೂಳು ಹಿಡಿದ ಡಬ್ಬದಿಂದ ತೆಗೆದುಕೊಡುತ್ತಿದ್ದರು. ಅಲ್ಲಿ ಸಿಗದ್ದು ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತಿತ್ತು. ಒಳಗಿನ ಕೆಲಸ ಅಗ್ಗವಾಗಿ ಆಗಬೇಕೆಂದರೆ ಮೊದಲು ಹೋಗಬೇಕಾದ ಜಾಗ ಗುಜರಿಯೇ ಎಂದು ಈಗಲೂ ಹೇಳುತ್ತೇನೆ. ಅಪಘಾತದಲ್ಲಿ ಮುಂಭಾಗ ಜಜ್ಜಿಹೋದ ಕಾರಿನ ಹಿಂದಿನ ಡೋರ್ ಪ್ಯಾಡು, ಸನ್‌ವೈಸರ್, ಒಳದೀಪದ ಮುಚ್ಚಳ ಎಷ್ಟೋ ಸಲ ಹೊಸದರಂತೆಯೇ ಇರುತ್ತವೆ. ಹಿಂದಿನ ಬಾಗಿಲನ್ನು ತೆಗೆದು ಹಾಕುವುದು ಕಡಿಮೆ.

ಗುಜರಿಯವರೇ ಒಬ್ಬ ಮೇಸ್ತ್ರಿಯ ದಾರಿ ತೋರಿಸಿದರು. ಕಿರಿದಾದ ಗಲ್ಲಿ, ಒಂದು ಶಟರಿನ ಅಂಗಡಿ, ಒಳಗೆ ಹೊಲಿಗೆ ಯಂತ್ರ ಮತ್ತು ಗೋಡೆಗೆ ಒರಗಿಸಿದ ರೆಕ್ಸಿನ್ ಉರುಳೆಗಳು. ಕಾರು ರಸ್ತೆಯಲ್ಲೇ ನಿಲ್ಲಬೇಕು. ದಖ್ಖನಿ ಉರ್ದು ಬೆರೆತ ಕನ್ನಡದಲ್ಲಿ ಮಾತಾಡುತ್ತಿದ್ದ ಆ ಹಿರಿಯರು ಸೀಟನ್ನು ನೋಡುವ ಬದಲು ಮಂಡಿಯೂರಿ ಕೂತು ಬಾಗಿಲಿನ ಅಡಿಗೆ ಬೆರಳು ಹಾಯಿಸಿದರು. ಬೆರಳಿಗೆ ಹಸಿ ಮಣ್ಣು ಬಂತು. "ನೀರು ಹೋಗೋ ತೂತು ಕಟ್ಕೊಂಡಿದೆ ಸಾರ್. ಮೊದ್ಲು ನೀರು. ಬಟ್ಟೆ ಆಮೇಲೆ."

ಅಲ್ಲಿಯವರೆಗೆ ನಾನು ತಿಳಿದದ್ದು, ಕಾರಿನ ಬಾಗಿಲಿನೊಳಗೆ ನೀರು ಹೋಗಬಾರದು ಎಂದು. ಮೇಸ್ತ್ರಿ ಪ್ಯಾಡು ಬಿಚ್ಚಿ ತೋರಿಸಿದಾಗ ತಿಳಿದದ್ದು ಬೇರೆ. ಯಾವ ಕಾರಿನ ಬಾಗಿಲಿಗೂ ನೀರು ಹೋಗಿಯೇ ಹೋಗುತ್ತದೆ. ಏರಿಳಿಯುವ ಗಾಜು ಮತ್ತು ರಬ್ಬರ್ ಬೀಡಿಂಗಿನ ಸಂದಿನಿಂದ ಮಳೆನೀರು ಒಳಗಿಳಿದು, ಬಾಗಿಲಿನ ಹೊಟ್ಟೆಯಲ್ಲಿ ಹರಿದು, ಅಡಿಯ ತೂತುಗಳಿಂದ ಹೊರಗೆ ಹೋಗಬೇಕೆಂದೇ ಕಾರು ಕಟ್ಟಿದವರು ಲೆಕ್ಕ ಹಾಕಿರುತ್ತಾರೆ. ಪದ್ಮಿನಿಯಲ್ಲಿ ಮುಂದಿನ ಬಾಗಿಲಿಗೆ ತ್ರಿಕೋನದ ಚಿಕ್ಕ ಗಾಜೂ ಇತ್ತು. ಅದರ ರಬ್ಬರು ಗಟ್ಟಿಯಾದರೆ ಇನ್ನಷ್ಟು ನೀರು. ಈ ನೀರಿಗೂ ಪ್ಯಾಡಿನ ಹಲಗೆಗೂ ನಡುವೆ ಇರುವುದು ಒಂದು ಪ್ಲಾಸ್ಟಿಕ್ ಹಾಳೆ, ಅಷ್ಟೇ. ಯಾವಾಗಲೋ ಗಾಜು ಏರಿಸುವ ಮೆಷೀನ್ ರಿಪೇರಿ ಮಾಡಿದವರು ಅದನ್ನು ಹರಿದು ಎಸೆದು ಪ್ಯಾಡು ಮುಚ್ಚಿದ್ದರು. ಪ್ಯಾಡಿನ ಹಲಗೆ ಹಾರ್ಡ್‌ಬೋರ್ಡ್, ಅಂದರೆ ಒತ್ತಿ ಗಟ್ಟಿ ಮಾಡಿದ ಮರದ ನಾರು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಅಂಥ ಹಲಗೆಯ ಮೇಲೆ ಎಂಥ ದುಬಾರಿ ಲೆದರ್ ಹೊದಿಸಿದರೂ ಮುಂದಿನ ಮಳೆಗಾಲಕ್ಕೆ ಕಥೆ ಅದೇ.

ಹೊಸ ಹಲಗೆ ಕತ್ತರಿಸಲು ಮೇಸ್ತ್ರಿ ಟೇಪು ಹಿಡಿಯಲೇ ಇಲ್ಲ. ದರ್ಜಿಗೆ ಅಳತೆ ರವಿಕೆ ಕೊಟ್ಟ ಹಾಗೆ, ಹಳೆಯ ಹಲಗೆಯನ್ನೇ ಹೊಸದರ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಉಬ್ಬಿ ಅಂಚು ಕೆಟ್ಟ ಕಡೆ ಎದುರು ಬಾಗಿಲಿನ ಪ್ಯಾಡನ್ನು ತಿರುಗಿಸಿಟ್ಟು ಆ ಭಾಗದ ಅಳತೆ ತೆಗೆದರು, ಎಡ ಬಾಗಿಲಿನದು ಬಲ ಬಾಗಿಲಿಗೆ ಕನ್ನಡಿಯ ಬಿಂಬವಲ್ಲವೇ. ಕ್ಲಿಪ್ಪಿನ ತೂತುಗಳನ್ನು ಹಳೆಯದರಿಂದಲೇ ಗುರುತಿಸಿದರು. ಆಮೇಲೆ ಹಲಗೆಯ ಎರಡೂ ಮುಖಕ್ಕೆ ವಾರ್ನಿಷ್ ಬಳಿದು ಒಣಗಲು ಬಿಟ್ಟರು. ಅಂಚಿಗೆ ಮತ್ತೆ ಮತ್ತೆ ಬಳಿದರು. ನೀರು ಮೊದಲು ಹೀರುವುದು ಕತ್ತರಿಸಿದ ಅಂಚು. ಹಾರ್ಡ್‌ವೇರ್ ಅಂಗಡಿಯ ದಪ್ಪ ಪಾಲಿಥೀನ್ ಹಾಳೆ ತಂದು ಬಾಗಿಲಿನ ತಗಡಿಗೆ ಅಂಟಿಸಿದ್ದು ಇನ್ನೊಂದು ಕೆಲಸ. ಹಾಳೆಯ ಕೆಳಗಿನ ತುದಿಯನ್ನು ಬಾಗಿಲಿನ ಒಳಕ್ಕೆ ತೂರಿಸಬೇಕು, ಹೊರಗೆ ಬಿಡಬಾರದು. ಒಳಗೆ ತೂರಿಸಿದರೆ ಹಾಳೆಯ ಮೇಲೆ ಇಳಿದ ನೀರು ಬಾಗಿಲಿನೊಳಗೇ ಬಿದ್ದು ತೂತಿನಿಂದ ಹೋಗುತ್ತದೆ. ಹೊರಗೆ ಬಿಟ್ಟರೆ ಅದೇ ನೀರು ಪ್ಯಾಡಿಗೂ ಅಲ್ಲಿಂದ ಕಾಲಡಿಯ ಹಾಸಿಗೂ ಇಳಿಯುತ್ತದೆ. ಇಷ್ಟು ಮಾಡಲು ಬೇಕಾದ ಸಾಮಾನಿಗೆ ಖರ್ಚಾದದ್ದು ತೀರ ಚಿಲ್ಲರೆ ಹಣ. ಉಳಿದದ್ದೆಲ್ಲ ಕೈಕೆಲಸದ ಕೂಲಿ.

ರೆಕ್ಸಿನ್ ಆರಿಸುವ ಕೆಲಸದಲ್ಲೂ ನನಗೆ ಹೊಸ ಪಾಠವಾಯಿತು. ರೆಕ್ಸಿನ್ ಎಂದರೆ ಈಗ ಬಟ್ಟೆಯ ಮೇಲೆ ಪಿವಿಸಿ ಬಳಿದದ್ದು; 54 ಇಂಚು ಅಗಲದ ಉರುಳೆಯಲ್ಲಿ ಬರುತ್ತದೆ, ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಪಿವಿಸಿ ತನ್ನಷ್ಟಕ್ಕೆ ಗಡುಸಾದ ವಸ್ತು. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸಿರುತ್ತಾರೆ. ಬಿಸಿಲಿಗೆ ಅದು ನಿಧಾನವಾಗಿ ಹೊರಬಂದು ಆರಿಹೋಗುತ್ತದೆ. ಮುಚ್ಚಿದ ಕಾರನ್ನು ಬೇಸಿಗೆ ಮಧ್ಯಾಹ್ನ ನಿಲ್ಲಿಸಿದರೆ ಡ್ಯಾಶ್‌ಬೋರ್ಡಿನ ಮೇಲ್ಮೈ 65–70 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಮುಂದಿನ ಗಾಜಿನ ಒಳಮೈಗೆ ಜಿಡ್ಡಿನ ತೆಳುಪೊರೆ ಕೂರುತ್ತದಲ್ಲ, ಅದರಲ್ಲಿ ಈ ಎಣ್ಣೆಯ ಪಾಲೂ ಇರುತ್ತದೆ. ಮೆದುತನ ಹೋದ ರೆಕ್ಸಿನ್ ಬಿರಿಯುತ್ತದೆ. ಆದ್ದರಿಂದ ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು, ಗಾಜಿಗೆ ಒಂದು ಮರೆ ಇಡುವುದು ಯಾವ ಪಾಲಿಶ್ ಬಾಟಲಿಗಿಂತಲೂ ಹೆಚ್ಚಿನ ರಕ್ಷಣೆ.

ಬಣ್ಣ ಹೊಂದಿಸಲು ನಾನು ಹರಿದ ಸೀಟಿನ ತುಂಡನ್ನೇ ಅಂಗಡಿಗೆ ಒಯ್ಯಲು ಹೊರಟಿದ್ದೆ. ಮೇಸ್ತ್ರಿ ತಡೆದು, ಸೀಟು ಮಗುಚಿ, ಅಡಿಗೆ ಮಡಚಿ ಕಟ್ಟಿದ್ದ ಅಂಚಿನಿಂದ ಬೆರಳಗಲದ ಚೂರು ಕತ್ತರಿಸಿಕೊಟ್ಟರು. ಬಿಸಿಲು ಕಾಣದ ಆ ಚೂರು ಕಡು ಕಂದು. ನಾವು ಇಷ್ಟು ವರ್ಷ ತಿಳಿ ಕಂದು ಎಂದುಕೊಂಡಿದ್ದ ಸೀಟಿನ ನಿಜವಾದ ಬಣ್ಣ ಅದು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಶೋರೂಮಿನಿಂದ ತಂದ ದಿನ ಹೀಗೇ ಇತ್ತು ಎಂದರು.

ಸೀಟನ್ನು ಪೂರ್ತಿ ಹೊಸದಾಗಿ ಹೊಲಿಸಲಿಲ್ಲ. ಅದು ಮೇಸ್ತ್ರಿಯದೇ ಸಲಹೆ. ಪೂರ್ತಿ ಹೊಲಿದಿದ್ದರೆ ಅವರಿಗೇ ಹೆಚ್ಚು ಹಣ ಸಿಗುತ್ತಿತ್ತು. ನಮ್ಮ ದೇಶದಲ್ಲಿ ಡ್ರೈವರ್ ಬಲಕ್ಕೆ ಕೂರುತ್ತಾನೆ, ಹತ್ತುವಾಗ ಇಳಿಯುವಾಗ ಅವನ ಮೈ ಉಜ್ಜುವುದು ಸೀಟಿನ ಬಲ ಅಂಚಿಗೆ. ಮುಂದಿನ ಸೀಟು ಉದ್ದಕ್ಕೂ ಒಂದೇ ಬೆಂಚಾಗಿದ್ದರೂ ಸವೆದದ್ದು ಅದೊಂದು ಕೊನೆ. ಹೊಲಿಗೆ ಬಿಚ್ಚಿ ಆ ಒಂದು ಪಟ್ಟಿಯನ್ನು ಮಾತ್ರ ಬೇರ್ಪಡಿಸಿದರು. ಅದರ ಜಾಗಕ್ಕೆ ಹಾಕಲು ಹೊಸ ರೆಕ್ಸಿನ್ ಬದಲು, ಹಿಂದಿನ ಸೀಟಿನ ಬೆನ್ನಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ ಇದ್ದ ಹಳೆಯ ರೆಕ್ಸಿನ್ನನ್ನೇ ಬಿಡಿಸಿ ತೆಗೆದರು. ಅಲ್ಲಿಗೆ ಹೊಸದು ಹೋಯಿತು, ಕಾಣುವ ಕಡೆಗೆ ಹಳೆಯದು ಬಂತು. ಇಡೀ ಸೀಟು ಒಂದೇ ವಯಸ್ಸಿನದಾಗಿ ಕಂಡಿತು. ಈ ಯುಕ್ತಿಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಇನ್ನೊಂದು ಕಡೆ ಚಾಕು ತಾಗಿ ಸೀಳಿದ್ದ ಜಾಗವಿತ್ತು. ಅದಕ್ಕೆ ಮೇಲೆ ತೇಪೆ ಹಾಕಲಿಲ್ಲ. ಸೀಳಿನ ಬಾಯಿಯಿಂದ ಒಂದು ತುಂಡು ಗಟ್ಟಿ ಬಟ್ಟೆಯನ್ನು ಕೆಳಗೆ ತೂರಿಸಿ, ಚಪ್ಪಟೆಯಾಗಿ ಹರಡಿ, ಸೊಲ್ಯೂಷನ್ ಹಚ್ಚಿ, ಸೀಳಿನ ಎರಡು ತುಟಿಗಳನ್ನು ಅದರ ಮೇಲೆ ಜೋಡಿಸಿ ಒತ್ತಿದರು. ಸೊಲ್ಯೂಷನ್ ಎಂದರೆ ಫೆವಿಕಾಲ್ ಎಸ್.ಆರ್. 998 ಥರದ ರಬ್ಬರ್ ಅಂಟು. ಅದನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂಡಿಸಬೇಕು. ಹಸಿಯಾಗಿರುವಾಗಲೇ ಒತ್ತಿದರೆ ಒಳಗಿನ ದ್ರಾವಕ ಹೊರಹೋಗಲಾರದೆ, ಬಿಸಿಲಿಗೆ ಗುಳ್ಳೆ ಎದ್ದು ಬಿಚ್ಚಿಕೊಳ್ಳುತ್ತದೆ. ಅವಸರದ ಅಂಗಡಿಗಳ ಕೆಲಸ ಬೇಗ ಕಿತ್ತುಬರುವುದಕ್ಕೆ ಮುಖ್ಯ ಕಾರಣ ಇದು, ಅಂಟಿನ ಗುಣಮಟ್ಟವಲ್ಲ.

ನಾರಿನ ವಿಷಯಕ್ಕೆ ಬಂದಾಗ ಅಪ್ಪ ಬಹಳ ಉತ್ಸಾಹದಿಂದ ಮಧ್ಯೆ ಬಂದರು. ಸ್ಪ್ರಿಂಗಿನ ಮೇಲೆ ತೆಂಗಿನ ನಾರಿನ ಹಾಸು, ಅದರ ಮೇಲೆ ರೆಕ್ಸಿನ್, ಇದು ಆ ಕಾಲದ ಸೀಟು. ಮೇಸ್ತ್ರಿ ಫೋಮ್ ಹಾಕೋಣ ಎಂದರೆ, ತೆಂಗಿನ ಸೀಮೆಯಿಂದ ಬಂದ ಅಪ್ಪ ನಾರೇ ಆಗಬೇಕೆಂದರು. ಕಡೆಗೆ ಕುಸಿದ ಜಾಗಕ್ಕೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ನಾರಿನ ಹಾಳೆ, ಅದರ ಮೇಲೆ ತೆಳುವಾಗಿ 40 ಸಾಂದ್ರತೆಯ ಫೋಮ್ ಎಂದು ಒಪ್ಪಂದವಾಯಿತು. ಇದು ನಿಜಕ್ಕೂ ಒಳ್ಳೆಯ ಜೋಡಿ. ನಾರು ಗಾಳಿಯಾಡಲು ಬಿಡುತ್ತದೆ, ಫೋಮ್ ಸ್ಪ್ರಿಂಗಿನ ಚುಚ್ಚುವಿಕೆಯನ್ನು ತಡೆಯುತ್ತದೆ. ಅಗ್ಗದ ಕೆಲಸದಲ್ಲಿ ಹಾಕುವ ಕಡಿಮೆ ಸಾಂದ್ರತೆಯ ಫೋಮ್ ಕೈಗೆ ಮೆತ್ತಗೆ ಹಿತವಾಗಿರುತ್ತದೆ, ಆದರೆ ಕೂತು ಕೂತು ಬೇಗ ಅಪ್ಪಚ್ಚಿಯಾಗುತ್ತದೆ. ಫೋಮಿನಲ್ಲಿ ಮಾತ್ರ ಜಿಪುಣತನ ಬೇಡ.

ಟಾಪಿನ ಕೆಲಸ ಬೇಗ ಮುಗಿಯಿತು. ಪದ್ಮಿನಿಯ ಟಾಪ್ ಅಡ್ಡಡ್ಡಲಾಗಿ ಹಾಯಿಸಿದ ಬಾಗಿದ ತಂತಿಗಳಿಗೆ ತೂಗುಹಾಕಿದ ಬಟ್ಟೆ. ತಂತಿಯೊಂದು ಅದರ ಗೂಡಿನಿಂದ ಜಾರಿತ್ತು, ಅಂಚಿನ ಅಂಟು ಬಿಟ್ಟಿತ್ತು. ತೊಳೆದು, ಬಿಸಿಲಿಗೆ ಮೆತ್ತಗೆ ಮಾಡಿ, ಎಳೆದು ಅಂಟಿಸಿದರೆ ಸಾಕಾಯಿತು.

ನಂತರದ ತಲೆಮಾರಿನ ಕಾರುಗಳ ಟಾಪ್ ಹಾಗಲ್ಲ. ಅವುಗಳಲ್ಲಿ ಅಚ್ಚು ಹಾಕಿದ ಹಲಗೆ, ಅದರ ಮೇಲೆ ತೆಳು ಫೋಮ್ ಅಂಟಿರುವ ಬಟ್ಟೆ. ವರ್ಷಗಳಾದ ಮೇಲೆ ಕೆಡುವುದು ಆ ಫೋಮ್. ಬಿಸಿ ಮತ್ತು ತೇವಕ್ಕೆ ಹಿಟ್ಟಾಗಿ ಉದುರುತ್ತದೆ. ಸ್ನೇಹಿತರೊಬ್ಬರ ಕಾರಿನಲ್ಲಿ ಬಟ್ಟೆ ಜೋತುಬಿದ್ದಾಗ ಯಾರೋ ಸಿರಿಂಜಿನಿಂದ ಅಂಟು ಚುಚ್ಚಿ ಕೊಟ್ಟಿದ್ದರು. ಹಿಟ್ಟಿಗೆ ಅಂಟು ಹಿಡಿಯುವುದುಂಟೇ? ಕೆಲವೇ ವಾರದಲ್ಲಿ ಮತ್ತೆ ಬಿತ್ತು, ಬಟ್ಟೆಯ ಮೇಲೆ ಕಲೆಯೂ ಉಳಿಯಿತು. ನಾವು ಹಲಗೆಯನ್ನೇ ಹಿಂದಿನ ಬಾಗಿಲಿನಿಂದ ಹೊರಗೆ ತೆಗೆದು, ನೈಲಾನ್ ಬ್ರಷ್‌ನಲ್ಲಿ ಹಳೆಯ ಫೋಮನ್ನು ಕೆರೆದು, ಹೊಸ ಫೋಮ್-ಬಟ್ಟೆ ಅಂಟಿಸಿದೆವು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲೇಬೇಕಾದ ಕೆಲಸ. ಆದರೆ ಒಂದು ಭಾನುವಾರದ ಶ್ರಮ, ಬಟ್ಟೆಯ ಮತ್ತು ಅಂಟಿನ ಖರ್ಚು ಬಿಟ್ಟರೆ ಬೇರೇನೂ ಇಲ್ಲ.

ಆ ಮೇಸ್ತ್ರಿಯ ಅಂಗಡಿಯಲ್ಲಿ ನಿಂತು ನೋಡಿದ್ದು ಮುಂದೆ ನನ್ನ ಸ್ವಂತ ಮಾರುತಿ 800ಕ್ಕೆ ಉಪಯೋಗಕ್ಕೆ ಬಂತು. ಅದರ ಗಾಜು ಏರಿಸುವ ಹಿಡಿಗೆ ಹೊರಗೆ ಸ್ಕ್ರೂ ಕಾಣುವುದಿಲ್ಲ. ಹಿಂದುಗಡೆ ಅರ್ಧಚಂದ್ರಾಕಾರದ ಸ್ಪ್ರಿಂಗ್ ಕ್ಲಿಪ್ಪು ಇರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಯಾಡು ಗೀರುತ್ತದೆ. ಹಿಡಿಯ ಹಿಂದೆ ಒಂದು ಹಳೆಯ ಬನಿಯನ್ ಪಟ್ಟಿಯನ್ನು ತೂರಿಸಿ ಎಡಕ್ಕೆ ಬಲಕ್ಕೆ ಜಗ್ಗಿದರೆ, ಬಟ್ಟೆ ಕ್ಲಿಪ್ಪನ್ನು ಹಿಡಿದು ಟಕ್ ಎಂದು ಹೊರಗೆ ಎಸೆಯುತ್ತದೆ. ಎಲ್ಲಿ ಬೀಳುತ್ತದೆ ಎಂದು ನೋಡಿಕೊಂಡಿರಬೇಕು ಅಷ್ಟೇ.

ಮಾರುತಿಯ ಕಾಲಕ್ಕೆ ರೆಕ್ಸಿನ್‌ಗಿಂತ ಪ್ಲಾಸ್ಟಿಕ್ಕಿನ ಕೆಲಸ ಹೆಚ್ಚಾಗಿತ್ತು. ಕ್ಲಿಪ್ಪು ಕೂರುವ ಗೂಟ ಮುರಿಯುತ್ತದೆ, ಪ್ಯಾಡು ಕಟಕಟ ಎನ್ನುತ್ತದೆ. ಅಂಟಿಸುವ ಮೊದಲು ಆ ಭಾಗವನ್ನು ಮಗುಚಿ ನೋಡಬೇಕು. ಎಷ್ಟೋ ಕಾರುಗಳಲ್ಲಿ ಪ್ಲಾಸ್ಟಿಕ್ ಯಾವುದೆಂದು ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ಎಬಿಎಸ್ ಎಂದಿದ್ದರೆ ಅದೃಷ್ಟ. ಫೆವಿಕ್ವಿಕ್ ಹನಿ ಹಾಕಿ ಮೇಲೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಪದರದ ಮೇಲೆ ಪದರ ಹಾಕಿ ಮುರಿದ ಗೂಟವನ್ನೇ ಮತ್ತೆ ಕಟ್ಟಬಹುದು. ಪಿಪಿ, ಅಂದರೆ ಪಾಲಿಪ್ರೊಪಿಲೀನ್ ಆಗಿದ್ದರೆ ಸಾಮಾನ್ಯ ಅಂಟು ಯಾವುದೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಬೆಸುಗೆ ಕಬ್ಬಿಣವೇ ಗತಿ: ತೆಳು ತಂತಿಜಾಲರಿಯ ಚೂರನ್ನು ಬಿರುಕಿನ ಹಿಂಬದಿಗೆ ಇಟ್ಟು, ಕಾಯ್ದ ತುದಿಯಿಂದ ಪ್ಲಾಸ್ಟಿಕ್ಕಿನೊಳಗೆ ಹುಗಿಯುವುದು. ಕಿಟಕಿ ತೆಗೆದ ಕೋಣೆಯಲ್ಲೋ ಅಂಗಳದಲ್ಲೋ ಮಾಡಬೇಕು, ಹೊಗೆ ಒಳ್ಳೆಯದಲ್ಲ. ಬಿಳಿಚಿಕೊಂಡ ಕಪ್ಪು ಪ್ಲಾಸ್ಟಿಕ್ಕಿಗೆ ಬಿಸಿಗಾಳಿ ಹಾಯಿಸಿ ಕಪ್ಪು ತರಿಸುವವರಿದ್ದಾರೆ. ಕಪ್ಪು ಬರುತ್ತದೆ, ಆದರೆ ಉಳಿಯುವುದಿಲ್ಲ. ಅದಕ್ಕೆ ಹಣ ಕೊಡಬೇಡಿ.

ಈಗಿನ ಕಾರುಗಳ ಮಾಲೀಕರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. 2019ರ ಜುಲೈನಿಂದ ನಮ್ಮ ದೇಶದಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ಅನೇಕ ಕಾರುಗಳಲ್ಲಿ ಸೀಟಿನ ಬದಿಯ ಹೊಲಿಗೆಯೊಳಗೂ ಬಾಗಿಲ ಮೇಲಿನ ಟಾಪಿನ ಅಂಚಿನಲ್ಲೂ ಏರ್‌ಬ್ಯಾಗ್ ಇರುತ್ತದೆ. ಆ ಹೊಲಿಗೆ ಬಿರಿದುಕೊಳ್ಳಲೆಂದೇ ಹಾಗೆ ಹಾಕಿದ್ದು. ಅದರ ಮೇಲೆ ಬಿಗಿಯಾದ ಕವರ್ ಹೊಲಿಸಿದರೆ, ಅಂಚನ್ನು ಅಂಟಿಸಿಬಿಟ್ಟರೆ, ಬೇಕಾದ ಕ್ಷಣದಲ್ಲಿ ಅದು ಸರಿಯಾಗಿ ತೆರೆಯದೆ ಹೋಗಬಹುದು. ಏರ್‌ಬ್ಯಾಗ್ ಎಂಬ ಗುರುತು ಇರುವ ಭಾಗವನ್ನು ಗಲ್ಲಿಯ ಕೆಲಸಕ್ಕೆ ಕೊಡಬೇಡಿ, ನೀವೂ ಬಿಚ್ಚಬೇಡಿ. ಉಳಿತಾಯದ ಲೆಕ್ಕ ಅಲ್ಲಿಗೆ ನಿಲ್ಲಬೇಕು.

ಅಪ್ಪನ ಪದ್ಮಿನಿಗೆ ಒಟ್ಟು ತಗುಲಿದ ಖರ್ಚು ಗಾಜಿನ ಮುಂಭಾಗದ ಆ ಅಂಗಡಿ ಹೇಳಿದ್ದರಲ್ಲಿ ಒಂದು ಸಣ್ಣ ಪಾಲು. ಅದರಲ್ಲೂ ಮುಕ್ಕಾಲು ಭಾಗ ಕೂಲಿ. ಕಣ್ಣಿನ ಪೊರೆ ಬರುವವರೆಗೂ ಅವರೇ ಅದನ್ನು ಓಡಿಸಿದರು. ಆಮೇಲೆ ಹಾಸನದ ಯುವ ಅಧ್ಯಾಪಕರೊಬ್ಬರು ಬಂದು, ಒಳಗೆ ಕೂತು, ಬಾಗಿಲು ಎಳೆದುಕೊಂಡು ಸದ್ದು ಕೇಳಿ, ಚೌಕಾಸಿಯಿಲ್ಲದೆ ಕೊಂಡರು. ಪ್ಯಾಡುಗಳು ಆಗಲೂ ನೆಟ್ಟಗಿದ್ದವು.

ಅಂಥ ಮೇಸ್ತ್ರಿಗಳು ಈಗ ಕಡಿಮೆಯಾಗುತ್ತಿದ್ದಾರೆ. ರೆಡಿಮೇಡ್ ಸೀಟ್ ಕವರ್ ಬಂದ ಮೇಲೆ ಒಂದು ಪಟ್ಟಿ ಬಿಚ್ಚಿ ಹೊಲಿಯುವ ಕೆಲಸಕ್ಕೆ ಯಾರೂ ಬರುವುದಿಲ್ಲ ಎಂದು ನಮ್ಮ ಮೇಸ್ತ್ರಿ ಹೇಳುತ್ತಿದ್ದರು. ನಿಮ್ಮ ಊರಿನಲ್ಲಿ ಒಬ್ಬರಾದರೂ ಇದ್ದರೆ ಸೀಟು ಹರಿಯಲು ಶುರುವಾದಾಗಲೇ ಅವರ ಬಳಿ ಹೋಗಿ. ಟವೆಲ್ ಹಾಸಿ ಮುಂದಕ್ಕೆ ಹಾಕಬೇಡಿ. ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿ. ಪ್ಲಾಸ್ಟಿಕ್ ಹಾಳೆ ಹಾಕದೆ ಪ್ಯಾಡು ಮುಚ್ಚಲು ಬಿಡಬೇಡಿ. ಬಿಚ್ಚಿದ ಹಳೆಯ ತುಂಡುಗಳನ್ನು ಮನೆಗೆ ತಂದಿಡಿ, ಮುಂದಿನ ಸಲಕ್ಕೆ ಅದೇ ಅಳತೆ. ಮುಚ್ಚಿದ ಮೇಲೆ ಕಾಣದ ಕೆಲಸಕ್ಕೆ ಅವರು ಕೇಳುವ ಕೂಲಿಯನ್ನು ಕೇಳಿದಷ್ಟೂ ಕೊಡಿ.